ಗರ್ಭಸ್ಥ ಕರುವಿನ ರಕ್ತ ಮತ್ತು ಪ್ರಯೋಗಶಾಲೆಯ ಅಹಿಂಸೆ: ಒಂದು ವಿಮರ್ಶೆ

ಹಿಂಸೆಯನ್ನು ತಪ್ಪಿಸಲೆಂದು ಹಿಡಿದ ದಾರಿಯಲ್ಲಿಯೇ ಹಿಂಸೆ ಅಡಗಿ ಕುಳಿತಿರುವುದುಂಟು. ಔಷಧಗಳ ಗುಣದೋಷಗಳನ್ನು ಸಜೀವ ಪ್ರಾಣಿಗಳ ಮೇಲೆ ಪರೀಕ್ಷಿಸುವ ಬದಲು, ಪಾತ್ರೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಪರೀಕ್ಷಿಸುವ ವಿಧಾನವನ್ನು ದಯಾಪರರೆಲ್ಲರೂ ಸ್ವಾಗತಿಸಿದ್ದಾರೆ. ಆದರೆ ಆ ಜೀವಕೋಶಗಳಿಗೂ ಆಹಾರ ಬೇಕು. ಅವುಗಳ ಪೋಷಕ ದ್ರವಕ್ಕೆ ಬಹುಕಾಲದಿಂದ ನೂರಕ್ಕೆ 5ರಿಂದ 10 ಪಾಲು ಬೆರೆಸುತ್ತ ಬಂದಿರುವುದು ಹಸುವಿನ ಗರ್ಭದಲ್ಲಿರುವ ಕರುವಿನ ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಬಳಿಕ ಉಳಿಯುವ ತಿಳಿದ್ರವ. ಈ ವಿರೋಧಾಭಾಸವನ್ನು ವಿದ್ವಾಂಸರ ಮುಂದೆ ನೇರವಾಗಿ ಇರಿಸಿದ ಲೇಖನವೊಂದು 2002ರಲ್ಲಿ ಪ್ರಕಟವಾಯಿತು. ಪ್ರಯೋಗಶಾಲೆಯ ಪ್ರಾಣಿಗಳಿಗೆ ಪರ್ಯಾಯಗಳನ್ನು ಚರ್ಚಿಸುವ ಪತ್ರಿಕೆಯೊಂದರಲ್ಲಿ ನೆದರ್ಲೆಂಡ್ಸ್‌ನ ಯೋಖೆಮ್ಸ್, ವಾನ್ ಡರ್ ಫಾಲ್ಕ್, ಸ್ಟಾಫ್ಲೂ ಮತ್ತು ಬೌಮನ್ಸ್ ಬರೆದ ಆ ಲೇಖನದ ಶೀರ್ಷಿಕೆಯೇ ಒಂದು ಪ್ರಶ್ನೆ: ಈ ಸೀರಮ್‌ನ ಬಳಕೆ ನೈತಿಕ ಸಮಸ್ಯೆಯೋ, ವೈಜ್ಞಾನಿಕ ಸಮಸ್ಯೆಯೋ? ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಸಮಾಜ ಈ ಲೇಖನವನ್ನು ಓದಬೇಕು, ಓದಿ ತನ್ನ ಅಳತೆಗೋಲಿನಿಂದ ಪರಿಶೀಲಿಸಬೇಕು.

ಲೇಖನದ ಮೊದಲ ಗುಣ ಅದರ ನಿರ್ಭೀತ ವಿವರಣೆ. ಕಸಾಯಿಖಾನೆಯಲ್ಲಿ ವಧೆಯಾದ ಹಸು ಗರ್ಭಿಣಿಯೆಂದು ತಿಳಿದಾಗ ಗರ್ಭಕೋಶವನ್ನು ಹೊರತೆಗೆಯುತ್ತಾರೆ. ಅದರೊಳಗಿನ ಕರುವಿನ ಹೃದಯಕ್ಕೆ ನೇರವಾಗಿ ಸೂಜಿ ಚುಚ್ಚಿ ರಕ್ತವನ್ನು ಹೀರುತ್ತಾರೆ. ಅರಿವಳಿಕೆ ಕೊಡುವ ರೂಢಿಯಿಲ್ಲ. ಮೂರು ತಿಂಗಳಿಗಿಂತ ಚಿಕ್ಕ ಭ್ರೂಣದ ಹೃದಯ ಸೂಜಿಗೆ ಸಿಗುವಷ್ಟು ದೊಡ್ಡದಿರುವುದಿಲ್ಲ. ಮೂರು ತಿಂಗಳ ಭ್ರೂಣದಿಂದ ಸುಮಾರು 150 ಮಿಲಿಲೀಟರ್, ಆರು ತಿಂಗಳದ್ದರಿಂದ 350, ಪ್ರಸವಕ್ಕೆ ಸಮೀಪಿಸಿದ್ದರಿಂದ 550 ಮಿಲಿಲೀಟರ್ ಸೀರಮ್ ದೊರೆಯುತ್ತದೆಂದು ಲೇಖಕರು ಲೆಕ್ಕ ಕೊಡುತ್ತಾರೆ. ಜಗತ್ತಿನ ವಾರ್ಷಿಕ ಉತ್ಪಾದನೆ ಆಗ ಸುಮಾರು 5 ಲಕ್ಷ ಲೀಟರ್. ಅದಕ್ಕಾಗಿ ಬಲಿಯಾಗುವ ಭ್ರೂಣಗಳು 10 ಲಕ್ಷಕ್ಕೂ ಹೆಚ್ಚು ಎಂಬುದು ಅವರ ಅಂದಾಜು. ಇದು ಎಣಿಕೆಯಲ್ಲ, ಅಂದಾಜು; ಅದೂ 2002ರದು. ಸಭೆಗಳಲ್ಲಿ ಇದನ್ನು ಉಲ್ಲೇಖಿಸುವವರು ವರ್ಷವನ್ನೂ ಹೇಳುವುದು ಸತ್ಯವ್ರತಕ್ಕೆ ಒಪ್ಪುವ ನಡೆ.

ಎರಡನೆಯ ಗುಣ, ಲೇಖಕರು ಕರುಣೆಯೊಂದನ್ನೇ ನೆಚ್ಚಿಕೊಳ್ಳದಿರುವುದು. ಸೀರಮ್‌ನಲ್ಲಿ ಏನೇನಿದೆ ಎಂಬುದು ಪೂರ್ಣವಾಗಿ ತಿಳಿದಿಲ್ಲ. ಒಂದು ತಂಡದ ಸೀರಮ್ ಇನ್ನೊಂದರಂತಿರುವುದಿಲ್ಲ. ಅದರೊಡನೆ ವೈರಸ್‌ಗಳೂ ಬರಬಹುದು. ಆದ್ದರಿಂದ ಪ್ರಯೋಗದ ಫಲಿತಾಂಶವೇ ಸಂಶಯಕ್ಕೆ ಒಳಗಾಗುತ್ತದೆ. ಶೀರ್ಷಿಕೆ ‘ನೈತಿಕವೋ ವೈಜ್ಞಾನಿಕವೋ’ ಎಂದು ಕೇಳಿದರೂ ಲೇಖನ ತೋರಿಸಿಕೊಡುವುದು ಎರಡೂ ಹೌದೆಂಬುದನ್ನು. ಅಜ್ಞಾನ ಮತ್ತು ಹಿಂಸೆ ಜೊತೆಯಾಗಿಯೇ ನಡೆಯುತ್ತವೆಂಬ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಅಪರೂಪ.

ಆದರೆ ಲೇಖನದ ನೈತಿಕ ವಾದ ನಿಂತಿರುವ ನೆಲ ಗಟ್ಟಿಯಲ್ಲ. ಭ್ರೂಣ ಬಹುಶಃ ನೋವನ್ನು ಅನುಭವಿಸುತ್ತದೆ, ಆದ್ದರಿಂದ ಈ ಪದ್ಧತಿ ಅಮಾನವೀಯ ಎಂಬುದು ಆ ವಾದದ ಸಾರ. ಇದಕ್ಕೆ ಎದುರಾಗಿ, ಗರ್ಭದಲ್ಲಿರುವಷ್ಟು ಕಾಲ ಭ್ರೂಣ ನಿದ್ರೆಯಂತಹ ಸ್ಥಿತಿಯಲ್ಲಿರುತ್ತದೆ, ಉಸಿರಾಟ ಆರಂಭವಾಗುವ ಮುನ್ನ ಅದಕ್ಕೆ ನೋವಿನ ಅರಿವಿರುವುದಿಲ್ಲ ಎಂದು ನ್ಯೂಜಿಲೆಂಡಿನ ಮೆಲ್ಲರ್ ಮತ್ತು ಅವರ ಸಹೋದ್ಯೋಗಿಗಳು 2003 ಮತ್ತು 2005ರ ಬರಹಗಳಲ್ಲಿ ವಾದಿಸಿದರು. ಈ ವಾದವೇ ಗೆದ್ದಿತೆಂದು ಇಟ್ಟುಕೊಂಡರೆ ಕರುವಿನ ಪರವಾದ ಆಕ್ಷೇಪ ಅಲ್ಲಿಗೆ ಮುಗಿಯಬೇಕೆ? ಅರಿವಳಿಕೆ ಕೊಟ್ಟು ರಕ್ತ ತೆಗೆದರೆ ಕೃತ್ಯ ನಿರ್ದೋಷವಾಗುವುದೆ? ನೋವನ್ನು ಮಾತ್ರ ಅಳೆಯುವ ನೀತಿಗೆ ಇಲ್ಲಿ ಉತ್ತರ ಸುಲಭವಲ್ಲ.

ಜೈನ ದೃಷ್ಟಿ ಈ ಸ್ಥಳದಲ್ಲಿ ಬೇರೆ ದಾರಿ ಹಿಡಿಯುತ್ತದೆ. ಆಗಮ ಪರಂಪರೆ ಹೇಳುವ ಮೂರು ಬಗೆಯ ಜನ್ಮಗಳಲ್ಲಿ ಗರ್ಭಜನ್ಮವೂ ಒಂದು. ಗರ್ಭವನ್ನು ಸೇರಿದ ಜೀವ ಆಗಲೇ ಜೀವ. ಕರು ಪಂಚೇಂದ್ರಿಯ ಪ್ರಾಣಿ. ಅದರ ಪ್ರಾಣವನ್ನು ಹರಣ ಮಾಡುವುದೇ ಹಿಂಸೆ. ನೋವು ಆ ಹಿಂಸೆಯನ್ನು ಹೆಚ್ಚಿಸಬಹುದು, ನೋವಿನ ಅಭಾವ ಅದನ್ನು ಅಳಿಸದು. ಲೇಖನ ಎತ್ತಿದ ಪ್ರಶ್ನೆಗೆ ಲೇಖನಕ್ಕಿಂತ ಸ್ಥಿರವಾದ ಆಧಾರ ಇಲ್ಲಿ ದೊರೆಯುತ್ತದೆ.

ಇನ್ನೊಂದು ಸಮಾಧಾನ ಪ್ರಯೋಗಶಾಲೆಗಳಲ್ಲಿ ಸಾಮಾನ್ಯ. ಹಸುವನ್ನು ಕೊಂದದ್ದು ಮಾಂಸಕ್ಕಾಗಿ. ಸೀರಮ್ ಕೇವಲ ಉಪೋತ್ಪನ್ನ. ಅದನ್ನು ಬಳಸದಿದ್ದರೂ ಹಸು ಉಳಿಯುತ್ತಿರಲಿಲ್ಲ ಎನ್ನುವುದು ಆ ಮಾತು. ಇದನ್ನು ತೂಗಲು ಕೃತ, ಕಾರಿತ, ಅನುಮೋದನೆ ಎಂಬ ಮೂರು ಮಾತುಗಳು ಸಾಕು. ತಾನೇ ಮಾಡದಿರಬಹುದು, ಮಾಡಿಸದಿರಬಹುದು. ಆದರೆ ಹಿಂಸೆಯ ಫಲಕ್ಕೆ ವರ್ಷವರ್ಷವೂ ಬೆಲೆ ತೆತ್ತು, ಅದನ್ನೇ ನಂಬಿ ಕಾರ್ಯಕ್ರಮ ಹಾಕಿಕೊಳ್ಳುವುದು ಅನುಮೋದನೆಯ ಸೀಮೆಯನ್ನು ದಾಟಿ ಕಾರಿತದ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ಹಣ ಕೊಟ್ಟು ಕೊಳ್ಳುವವರು ಇರುವವರೆಗೆ ಯಾವ ವಸ್ತುವೂ ಕೇವಲ ಉಪೋತ್ಪನ್ನವಾಗಿ ಉಳಿಯದು.

ಬೇರೆ ಉಪಾಯವಿಲ್ಲ ಎಂಬ ಮಾತೂ ಇತಿಹಾಸದ ಮುಂದೆ ನಿಲ್ಲುವುದಿಲ್ಲ. ಗರ್ಭಸ್ಥ ಕರುವಿನ ಸೀರಮ್ ಬಳಕೆಗೆ ಬಂದದ್ದು 1958ರಲ್ಲಿ, ಅಮೆರಿಕದ ಥಿಯೊಡೋರ್ ಪಕ್ ಅವರ ಪ್ರಯೋಗಗಳಿಂದ. ಅದಾಗಿ ಏಳೇ ವರ್ಷಕ್ಕೆ, 1965ರಲ್ಲಿ, ರಿಚರ್ಡ್ ಹ್ಯಾಮ್ ಪ್ರತಿಯೊಂದು ಘಟಕವೂ ತಿಳಿದಿರುವ ಪೋಷಕ ದ್ರವದಲ್ಲಿ ಹ್ಯಾಮ್‌ಸ್ಟರ್ ಇಲಿಯ ಜೀವಕೋಶಗಳನ್ನು ಬೆಳೆಸಿ ತೋರಿಸಿದರು. 1976ರಲ್ಲಿ ಹಯಾಶಿ ಮತ್ತು ಗೋರ್ಡನ್ ಸಾಟೊ ಸೀರಮ್‌ನ ಸ್ಥಾನವನ್ನು ಹಾರ್ಮೋನುಗಳು ತುಂಬಬಲ್ಲವೆಂದು ಸಿದ್ಧಪಡಿಸಿದರು. 2011ರಲ್ಲಿ ಜೇಮ್ಸ್ ಥಾಮ್ಸನ್ ಅವರ ತಂಡ ಮಾನವ ಕಾಂಡಕೋಶಗಳಿಗೆ ಎಂಟೇ ಘಟಕಗಳ ಮಾಧ್ಯಮವನ್ನು ರೂಪಿಸಿತು. ಕಷ್ಟವಿಲ್ಲವೆಂದಲ್ಲ: ಸೀರಮ್ ಬಹುತೇಕ ಎಲ್ಲ ಬಗೆಯ ಜೀವಕೋಶಗಳಿಗೂ ಒಗ್ಗುತ್ತದೆ, ಪರ್ಯಾಯವನ್ನಾದರೋ ಒಂದೊಂದು ಬಗೆಗೂ ಬೇರೆಬೇರೆಯಾಗಿ ಹೊಂದಿಸಬೇಕು. ಅದಕ್ಕೆ ಬೇಕಾದದ್ದು ಶ್ರಮ, ಹಣ, ತಾಳ್ಮೆ. ಔಷಧ ಉದ್ಯಮದ ದೊಡ್ಡ ಭಾಗ ಈ ಶ್ರಮವನ್ನು ವಹಿಸಿತು. ಬ್ರಿಟನ್ನಿನಲ್ಲಿ 1986ರಲ್ಲಿ ಗುರುತಿಸಲಾದ ಹುಚ್ಚುಹಸು ರೋಗ 1996ರ ವೇಳೆಗೆ ಮನುಷ್ಯರಿಗೂ ಅಂಟುವುದೆಂದು ತಿಳಿದಾಗ ಹುಟ್ಟಿದ ಭಯ ಅದಕ್ಕೆ ಬಲವಾದ ಪ್ರೇರಣೆಯಾಯಿತು. ಭಯದಿಂದ ಬಿಟ್ಟ ಹಿಂಸೆಯಲ್ಲಿ ದ್ರವ್ಯಹಿಂಸೆ ಕಡಿಮೆಯಾಗುತ್ತದೆ, ಭಾವ ಶುದ್ಧವಾಗುವುದಿಲ್ಲ. ಆದರೂ ಉಳಿದ ಜೀವ ಉಳಿದಂತೆಯೇ, ಅದನ್ನು ಅಲ್ಪವೆನ್ನಲಾಗದು.

ಇಲ್ಲಿ ಹೆಸರುಗಳ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ‘ಸೀರಮ್‌ರಹಿತ’ ಎಂಬ ಚೀಟಿಯಿದ್ದ ಮಾತ್ರಕ್ಕೆ ಅದು ಪ್ರಾಣಿಜನ್ಯವಲ್ಲವೆಂದು ಭಾವಿಸಲಾಗದು. ಹಸುವಿನ ರಕ್ತದಿಂದ ಬೇರ್ಪಡಿಸಿದ ಅಲ್ಬುಮಿನ್ ಅದರಲ್ಲಿರಬಹುದು. ಜೀವಕೋಶಗಳನ್ನು ಪಾತ್ರೆಯಿಂದ ಬಿಡಿಸುವ ಟ್ರಿಪ್ಸಿನ್ ಹಂದಿಯ ಮೇದೋಜೀರಕ ಗ್ರಂಥಿಯದಾಗಿರಬಹುದು; ಅವುಗಳಿಗೆ ಹಾಸುವ ಅಂಟು ಇಲಿಯ ಗೆಡ್ಡೆಯಿಂದ ಬಂದಿರಬಹುದು. ‘ರಾಸಾಯನಿಕವಾಗಿ ನಿಶ್ಚಿತ’ ಎಂಬುದು ಘಟಕಗಳೆಲ್ಲ ತಿಳಿದಿವೆ ಎನ್ನುವ ಮಾತು; ‘ಪ್ರಾಣಿಮೂಲರಹಿತ’ ಎಂಬುದು ಬೇರೆಯೇ ಮಾತು. ಎರಡೂ ಕೂಡಿದಾಗ ಮಾತ್ರ ಶ್ರಾವಕನ ಮನಸ್ಸಿಗೆ ಸಮಾಧಾನ. ಆಗಲೂ ಹಿಂಸೆ ಪೂರ್ತಿ ಇಲ್ಲವಾಗುವುದಿಲ್ಲ: ಇನ್ಸುಲಿನ್ ಮುಂತಾದ ಘಟಕಗಳನ್ನು ಈಗ ಬ್ಯಾಕ್ಟೀರಿಯಾ ಅಥವಾ ಯೀಸ್ಟ್‌ನಲ್ಲಿ ತಯಾರಿಸುತ್ತಾರೆ. ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ಮಾರುಕಟ್ಟೆಗೆ ತಂದ ಮಾನವ ಇನ್ಸುಲಿನ್ ಯೀಸ್ಟ್‌ನಿಂದಲೇ ಆದದ್ದು. ಏಕೇಂದ್ರಿಯವೆಂದು ಎಣಿಸಬಹುದಾದ ಜೀವಗಳ ಈ ಹಿಂಸೆಯನ್ನು ಗೃಹಸ್ಥ ಪೂರ್ತಿ ತ್ಯಜಿಸಲಾರ. ತ್ರಸಜೀವಗಳ ವಧೆಯನ್ನು ತ್ಯಜಿಸುವುದು ಅವನ ಅಣುವ್ರತ. ಪಂಚೇಂದ್ರಿಯ ಕರುವಿನಿಂದ ಯೀಸ್ಟ್‌ಗೆ ಸರಿಯುವುದು ಆ ವ್ರತದ ದಿಕ್ಕಿನಲ್ಲಿಯೇ ಇಡುವ ಹೆಜ್ಜೆ.

ಇಷ್ಟನ್ನು ತಿಳಿದು ರೋಗಿಗೆ ಔಷಧವನ್ನು ನಿರಾಕರಿಸುವುದು ಅವಿವೇಕ, ಪ್ರಾಣರಕ್ಷಣೆಯೂ ದಯೆಯೇ. ಮಾಡಬಹುದಾದ ಕಾರ್ಯ ಬೇರೆಯಿದೆ. ಜೀವಶಾಸ್ತ್ರ ಓದುವ ಮಕ್ಕಳು ಮನೆಗಳಲ್ಲಿದ್ದಾರೆ. ಅವರು ತಮ್ಮ ಮಾರ್ಗದರ್ಶಕರನ್ನು ವಿನಯದಿಂದ ಕೇಳಬಹುದು: ಈ ಜೀವಕೋಶಗಳಿಗೆ ಪರ್ಯಾಯ ಮಾಧ್ಯಮ ಪ್ರಯತ್ನಿಸಿದ್ದುಂಟೆ? ವಿದ್ಯಾರ್ಥಿವೇತನ ನೀಡುವ, ಆಸ್ಪತ್ರೆ ಕಾಲೇಜುಗಳಿಗೆ ದಾನ ಕೊಡುವ ಬಸದಿಗಳ ಟ್ರಸ್ಟ್‌ಗಳು, ಸೀರಮ್‌ನಿಂದ ಪರ್ಯಾಯಕ್ಕೆ ಬದಲಾಯಿಸುವ ಹೆಚ್ಚಿನ ವೆಚ್ಚವನ್ನು ತಾವು ಭರಿಸುವೆವೆಂದು ಮುಂದೆ ಬರಬಹುದು. ಅಭಯದಾನಕ್ಕೆ ಇದೂ ಒಂದು ರೂಪ. 2002ರ ಲೇಖನ ಕಣ್ಣಿಗೆ ಕಾಣದಿದ್ದ ಕರುವನ್ನು ಕಾಣುವಂತೆ ಮಾಡಿತು. ಕಂಡ ಮೇಲೆಯೂ ಉದಾಸೀನರಾಗಿ ಉಳಿದರೆ ಅದೇ ಪ್ರಮಾದ, ಮತ್ತು ಪ್ರಮಾದವೇ ಹಿಂಸೆಯ ಬೇರು.