ಚೌಡಸಂದ್ರದ ಕಂಠ

ನೆಲಮಂಗಲ ಸೀಮೆಯ ಚೌಡಸಂದ್ರದಲ್ಲಿ 1915ರಲ್ಲಿ ಹುಟ್ಟಿದ ಹೊನ್ನಪ್ಪ ಭಾಗವತರ್ ಅವರ ಗಾಯನ ನನಗೆ ಬಹಳ ಇಷ್ಟ. ಗುಬ್ಬಿ ವೀರಣ್ಣನವರ ಕಂಪನಿ ನಾಟಕಗಳಲ್ಲಿ ಹಾಡಿ ಪಳಗಿದ ಕಂಠ ಅದು. ರಂಗದ ಮೇಲೆ ಹಿಂದಿನ ಸಾಲಿನವರಿಗೂ ಮಾತು ಬಿಡಿಬಿಡಿಯಾಗಿ ಕೇಳಬೇಕು. ತಾರಕಕ್ಕೇರಿದರೂ ಸಾಹಿತ್ಯ ಮಸುಕಾಗಬಾರದು. ಆ ಶಿಸ್ತನ್ನು ಅವರು 1941ರ ‘ಸುಭದ್ರಾ’ ಚಿತ್ರಕ್ಕೂ ತಂದರು.

ತಮಿಳರೂ ಅವರನ್ನು ಒಪ್ಪಿಕೊಂಡರು. ಎಂ.ಕೆ. ತ್ಯಾಗರಾಜ ಭಾಗವತರ್ ಜೈಲು ಸೇರಿದಾಗ ‘ಶ್ರೀ ಮುರುಗನ್’ ಚಿತ್ರದ ನಾಯಕಪಾತ್ರ ಹೊನ್ನಪ್ಪನವರಿಗೆ ಬಂತು. ಅಂಥ ಜನಪ್ರಿಯ ಗಾಯಕನ ಜಾಗದಲ್ಲಿ ನಿಲ್ಲುವುದು ಸಣ್ಣ ಮಾತಲ್ಲ!

1955ರಲ್ಲಿ ತಾವೇ ನಿರ್ಮಿಸಿದ ‘ಮಹಾಕವಿ ಕಾಳಿದಾಸ’ದಲ್ಲಿ ಹದಿನೇಳರ ಹುಡುಗಿ ಬಿ. ಸರೋಜಾದೇವಿಯನ್ನು ತೆರೆಗೆ ತಂದರು. ಆಕೆ ಮುಂದೆ ದಕ್ಷಿಣದ ದೊಡ್ಡ ತಾರೆಯಾದರು. ಹೊನ್ನಪ್ಪನವರನ್ನು ಮಾತ್ರ ನಾವು ಅಷ್ಟಾಗಿ ನೆನೆಯುತ್ತಿಲ್ಲ. ನೆಲಮಂಗಲದ ಶಾಲೆಗಳಲ್ಲಾದರೂ ಮಕ್ಕಳಿಗೆ ಅವರ ಹಾಡು ಕೇಳಿಸಿ.