‘ಬ್ಲ್ಯಾಕ್ ರಿಕನ್‌ಸ್ಟ್ರಕ್ಷನ್’: ಚರಿತ್ರೆಯಲ್ಲಿ ಕರ್ತೃತ್ವದ ಪ್ರಶ್ನೆ

ಅಮೆರಿಕದ ಕಪ್ಪುಜನರ ವೈಚಾರಿಕ ಚರಿತ್ರೆಯಲ್ಲಿ ಡಬ್ಲ್ಯು.ಇ.ಬಿ. ಡು ಬಾಯ್ಸ್ ಅವರ ‘ಬ್ಲ್ಯಾಕ್ ರಿಕನ್‌ಸ್ಟ್ರಕ್ಷನ್’ (1935) ಗ್ರಂಥವನ್ನು ಸಾಮಾನ್ಯವಾಗಿ ಒಂದು ಪ್ರತ್ಯುತ್ತರವೆಂದೇ ಪರಿಗಣಿಸಲಾಗಿದೆ. ಅಂತರ್ಯುದ್ಧದ (1861–65) ತರುವಾಯ ದಕ್ಷಿಣದ ರಾಜ್ಯಗಳಲ್ಲಿ ವಿಮುಕ್ತ ಗುಲಾಮರು ಮತ ಚಲಾಯಿಸಿ ಶಾಸನಸಭೆಗಳನ್ನು ಪ್ರವೇಶಿಸಿದ ಪುನರ್ನಿರ್ಮಾಣದ ಅವಧಿಯನ್ನು ಕೊಲಂಬಿಯಾ ವಿಶ್ವವಿದ್ಯಾಲಯದ ವಿಲಿಯಂ ಡನ್ನಿಂಗ್ ಮತ್ತು ಅವರ ಶಿಷ್ಯರು ಅಜ್ಞಾನಿಗಳ ದುರಾಡಳಿತವೆಂದು ಚಿತ್ರಿಸಿದ್ದರು. ಅದನ್ನು ಅಲ್ಲಗಳೆದುದು ಗ್ರಂಥದ ಸಾಧನೆಯೇ ಸರಿ. ಆದರೆ ಅದರ ನಿಜವಾದ ಮಹತ್ವವಿರುವುದು ಕರ್ತೃತ್ವದ ಪ್ರಶ್ನೆಯನ್ನು ಎತ್ತಿದುದರಲ್ಲಿ. ಮಿತಿಯೂ ಅಲ್ಲಿಯೇ ಇದೆ.

ನಾಲ್ಕನೆಯ ಅಧ್ಯಾಯವನ್ನು ವಿಶೇಷವಾಗಿ ಗಮನಿಸಬೇಕು. ಲಿಂಕನ್ನರ ಘೋಷಣೆಯೊಂದರಿಂದಲೇ ಗುಲಾಮರಿಗೆ ಬಿಡುಗಡೆ ದೊರೆಯಿತೆಂಬ ಕಥನವನ್ನು ಡು ಬಾಯ್ಸ್ ಇಲ್ಲಿ ಬುಡಮೇಲು ಮಾಡುತ್ತಾರೆ. ಹತ್ತಿಯ ಹೊಲಗಳನ್ನು ತೊರೆದು ಉತ್ತರದ ಸೇನೆಯ ಪಾಳೆಯಗಳತ್ತ ನಡೆದವರು ಅವರ ದೃಷ್ಟಿಯಲ್ಲಿ ಸಾರ್ವತ್ರಿಕ ಮುಷ್ಕರ ಹೂಡಿದ ಕಾರ್ಮಿಕರು. ಮುಂದಾಳುಗಳಾಗಲಿ, ಸಂಘಟನೆಯಾಗಲಿ ಇಲ್ಲದ ನಿರ್ಗಮನಕ್ಕೆ ಈ ಪದ ಭಾರವಾಯಿತೆಂಬ ಆಕ್ಷೇಪ ನಿರಾಧಾರವಲ್ಲ. ಆದರೂ ದಕ್ಷಿಣದ ಸೇನೆಗೆ ಅನ್ನ ಒದಗಿಸುತ್ತಿದ್ದ ದುಡಿಮೆ ಕೈತಪ್ಪಿ, ಸುಮಾರು 1,80,000 ಕಪ್ಪು ಸೈನಿಕರು ಎದುರು ಪಕ್ಷದಲ್ಲಿ ನಿಂತುದನ್ನು ವಿವರಿಸಲು ‘ಪಲಾಯನ’ ಎಂಬ ಪದವಂತೂ ಸಾಲದು. ಡು ಬಾಯ್ಸ್ ಹಸ್ತಪ್ರತಿ ದಾಖಲೆಗಳನ್ನು ಬಿಟ್ಟು ಮುದ್ರಿತ ವರದಿಗಳನ್ನೇ ಹೆಚ್ಚಾಗಿ ಅವಲಂಬಿಸಿದರೆಂಬ ದೂರೂ ಉಂಟು. ವರ್ಣಭೇದ ಜಾರಿಯಲ್ಲಿದ್ದ ಕಾಲದ ದಕ್ಷಿಣದ ಪತ್ರಾಗಾರಗಳನ್ನು ನೆನೆದರೆ, ಈ ದೂರನ್ನು ಯಾರ ಮೇಲೆ ಹೊರಿಸಬೇಕೆಂಬುದೇ ಪ್ರಶ್ನೆ.

ಇದಕ್ಕಿಂತ ಗಂಭೀರವಾದ ಕೊರತೆ ಬೇರೆ. ಪುನರ್ನಿರ್ಮಾಣವನ್ನು ಹೀಗಳೆದ ಕ್ಲಾಡ್ ಬೋವರ್ಸ್‌ರ ‘ದಿ ಟ್ರ್ಯಾಜಿಕ್ ಎರಾ’ ಕೃತಿಗೆ ಉತ್ತರ ಬರೆಯಬೇಕೆಂದು 1929ರ ಕೊನೆಯಲ್ಲಿ ಡು ಬಾಯ್ಸ್ ಅವರಿಗೆ ಪತ್ರ ಬರೆದು ಒತ್ತಾಯಿಸಿದವರು ಆ್ಯನಾ ಜೂಲಿಯಾ ಕೂಪರ್. ಗುಲಾಮಗಿರಿಯಲ್ಲಿಯೇ ಜನಿಸಿದ ಈಕೆ ‘ಎ ವಾಯ್ಸ್ ಫ್ರಮ್ ದ ಸೌತ್’ (1892) ಕೃತಿಯಲ್ಲಿ ಕಪ್ಪುಮಹಿಳೆಯ ಅನುಭವವನ್ನು ಇಡೀ ಜನಾಂಗದ ಸ್ಥಿತಿಗೆ ಅಳತೆಗೋಲಾಗಿ ಮಂಡಿಸಿದ್ದರು. ಆಕೆಯ ಮಾತನ್ನು ಡು ಬಾಯ್ಸ್ ‘ಡಾರ್ಕ್‌ವಾಟರ್’ (1920) ಗ್ರಂಥದಲ್ಲಿ ಉದ್ಧರಿಸಿದರಾದರೂ ಹೆಸರನ್ನು ಹೇಳಲಿಲ್ಲ. 1935ರ ಗ್ರಂಥದಲ್ಲಿಯೂ ಮುಷ್ಕರ ಹೂಡಿದ ಕಾರ್ಮಿಕ ಬಹುಮಟ್ಟಿಗೆ ಗಂಡಸೇ. ಯಜಮಾನನ ಹೊಲದ ಜೊತೆಗೆ ಅಡುಗೆಮನೆಯ ಚಾಕರಿಯನ್ನೂ ನಿರಾಕರಿಸಿ, ಮಕ್ಕಳನ್ನು ಎತ್ತಿಕೊಂಡು ಹೊರಟು, ಪಾಳೆಯಗಳಲ್ಲಿ ಬಟ್ಟೆ ಒಗೆದು ಬೇಯಿಸಿ ಹಾಕಿದ ಹೆಂಗಸರು ಸೈನಿಕರ ಲೆಕ್ಕದ ಹಿಂದೆ ಮರೆಯಾಗುತ್ತಾರೆ. ವಿಮರ್ಶಕರು ಪ್ರಶ್ನಿಸಿದ ‘ಸಾರ್ವತ್ರಿಕ’ ಎಂಬ ವಿಶೇಷಣಕ್ಕೆ ಡು ಬಾಯ್ಸ್ ಅವರಿಗೆ ದೊರೆಯಬಹುದಾಗಿದ್ದ ಅತ್ಯಂತ ಬಲವಾದ ಸಮರ್ಥನೆ ಆ ಹೆಂಗಸರಲ್ಲಿಯೇ ಇತ್ತು.