ಮನ್ಯಾಗ ಒಂದು, ಪುಸ್ತಕದಾಗ ಒಂದು

ಪರಭಾಷೆ ಕಲಿಯುವ ಚಟ ಹತ್ತಿದವರಿಗೆ ಒಂದು ಸಂಗತಿ ಬೇಗ ಗೊತ್ತಾಗುತ್ತದೆ. ದೊಡ್ಡ ಪದಗಳು ತೊಂದರೆ ಕೊಡುವುದಿಲ್ಲ. ಪ್ರಜಾಪ್ರಭುತ್ವ, ಹವಾಮಾನ, ಮಂತ್ರಿಮಂಡಲ ಇಂಥವನ್ನೆಲ್ಲ ವಾರದೊಳಗೆ ಬಾಯಿಪಾಠ ಮಾಡಬಹುದು. ಕೈಕೊಡುವವು ಸಣ್ಣವು. ಯಾವುದರ ಒಳಗೆ, ಯಾವುದರ ಮೇಲೆ, ಯಾವುದರ ಕಡೆಗೆ ಎಂದು ಹೇಳುವ ಒಂದಕ್ಷರ, ಎರಡಕ್ಷರದ ತುಂಡುಗಳು. ಹತ್ತು ವರ್ಷ ಒಂದು ಊರಲ್ಲಿದ್ದವರೂ ಅಲ್ಲೇ ಸಿಕ್ಕಿಬೀಳುತ್ತಾರೆ.

ಸದ್ಯ ಹುಬ್ಬಳ್ಳಿ-ಧಾರವಾಡದ ನಡುವಿನ ಅಮರಗೋಳದಲ್ಲಿ ನನ್ನ ಮೇಜಿನ ಮೇಲಿರುವುದು ನಾರ್ವೇಜಿಯನ್. ಅಮರಗೋಳದಾಗ ಕುಂತು ನಾರ್ವೇ ಭಾಷೆ ಯಾಕ್ರೀ ಎಂದು ಕೇಳುವವರಿದ್ದಾರೆ. ಪಾರಿವಾಳ ಸಾಕುವವರನ್ನು ಯಾರೂ ಹೀಗೆ ಕೇಳುವುದಿಲ್ಲ. ಇರಲಿ. ಆ ಭಾಷೆಯಲ್ಲಿ ‘ಪೋ’ ಎಂಬ ಒಂದು ಪದವಿದೆ. ಬರೆಯುವಾಗ ‘ಪ’ಕಾರದ ಮುಂದೆ, ನೆತ್ತಿಯ ಮೇಲೆ ಸಣ್ಣ ಉಂಗುರ ಹೊತ್ತ ರೋಮನ್ ‘ಎ’ ಅಕ್ಷರ. ಅವರ ವರ್ಣಮಾಲೆಯ ಕಟ್ಟಕಡೆಯ ಅಕ್ಷರ ಅದು. ಹಿಂದೆ ಎರಡು ‘ಎ’ಗಳನ್ನು ಜೋಡಿಸಿ ಬರೆಯುತ್ತಿದ್ದರು. 1917ರ ಕಾಗುಣಿತ ಸುಧಾರಣೆಯಲ್ಲಿ ಜೋಡಿ ಹೋಗಿ ಉಂಗುರ ನೆಲೆನಿಂತಿತು. ಕಣ್ಣಿಗೆ ‘ಎ’ ಕಂಡದ್ದರಿಂದ ಹೊಸಬರೆಲ್ಲ ‘ಪಾ’ ಎನ್ನುತ್ತಾರೆ. ಅದು ‘ಓ’. ತಮಾಷೆಯೆಂದರೆ, ಅವರು ‘ಓ’ ಎಂದು ಬರೆದದ್ದನ್ನು ಎಷ್ಟೋ ಪದಗಳಲ್ಲಿ ‘ಊ’ ಎಂದು ಓದುತ್ತಾರೆ. ಪುಸ್ತಕ ಅವರಿಗೆ ‘ಬೂಕ್’. ಒಂದು ಸ್ವರ ಮನೆ ಬದಲಿಸಿದ್ದಕ್ಕೆ ಇನ್ನೊಂದು ಅದರ ಮನೆಗೆ ಬಂದಿದೆ.

ಸ್ವರ ನಮಗೆ ಕಷ್ಟವಲ್ಲ. ವ್ಯಂಜನವೇ ತುಸು ಕಿರಿಕಿರಿ. ಒತ್ತಿ ಹೇಳುವಾಗ ಅವರ ‘ಪ’ಕ್ಕೆ ಉಸಿರು ಸೇರುತ್ತದೆ. ಫಲ, ಫಣಿ ಎನ್ನುವಲ್ಲಿ ಇರಬೇಕಾದ ಮಹಾಪ್ರಾಣ ಅದು, ಫ್ಯಾನು, ಫೋನುಗಳ ‘ಫ’ ಅಲ್ಲ. ‘ಫಲ’ವನ್ನು ಇಂಗ್ಲಿಷಿನ ಎಫ್ ಹಾಕಿ ಹೇಳುವ ರೂಢಿ ನಮ್ಮಲ್ಲಿ ಬೇರುಬಿಟ್ಟಿರುವುದರಿಂದ, ಸತ್ತುಹೋದ ಒಂದು ಕನ್ನಡ ಉಚ್ಚಾರವನ್ನು ನಾರ್ವೇಯವರಿಗಾಗಿ ಎಬ್ಬಿಸಿದಂತಾಗುತ್ತದೆ. ಇನ್ನು ಒತ್ತು. ‘ತಾ ಪೋ’ ಎಂಬ ಜೋಡಿಯಲ್ಲಿ ಒತ್ತು ‘ತಾ’ ಮೇಲೆ ಬಿದ್ದರೆ ಮುಟ್ಟುವುದು. ‘ಪೋ’ ಮೇಲೆ ಬಿದ್ದರೆ ಬಟ್ಟೆ ತೊಡುವುದು. ಅಂಗಿಯನ್ನು ಮುಟ್ಟಿದರೋ ಹಾಕಿಕೊಂಡರೋ ಎಂಬುದು ಗಂಟಲಿನ ಜೋರಿನ ಮೇಲೆ ನಿಂತಿದೆ.

‘ಪೋ’ ಎಂದರೆ ಮೇಲೆ ಎಂದು ನಿಘಂಟು ಹೇಳುತ್ತದೆ. ಮೇಜಿನ ಮೇಲೆ ಎನ್ನುವವರೆಗೆ ನಿಘಂಟನ್ನು ನಂಬಬಹುದು. ಆಮೇಲೆ ನೋಡಿದರೆ ಅಡುಗೆಮನೆಗೂ ‘ಪೋ’, ಶಾಲೆಗೂ ‘ಪೋ’, ಸಿನಿಮಾ ಥಿಯೇಟರಿಗೂ ‘ಪೋ’, ಸೋಮವಾರಕ್ಕೂ ‘ಪೋ’. ನಾರ್ವೇಜಿಯನ್‌ನಲ್ಲಿ ಮಾತಾಡು ಎನ್ನುವಲ್ಲೂ ಅದೇ. ಊರುಗಳ ವಿಷಯವಂತೂ ಕೇಳಲೇಬೇಡಿ. ಓಸ್ಲೋ, ಬರ್ಗನ್, ಟ್ರೋಂಡ್‌ಹೈಮ್‌ಗಳಿಗೆ ‘ಒಳಗೆ’ ಎಂಬರ್ಥದ ‘ಈ’ ಬೇಕು. ಹಾಮಾರ್, ಲಿಲ್ಲೆಹಾಮರ್, ರೋರೋಸ್‌ಗಳಿಗೆ ‘ಪೋ’ ಬೇಕು. ಕರಾವಳಿಯ ಊರುಗಳಿಗೆ ‘ಈ’, ಒಳನಾಡಿನವಕ್ಕೆ ‘ಪೋ’ ಎಂದು ಒಂದು ಸೂತ್ರ ಹೇಳಿಕೊಡುತ್ತಾರೆ. ಅದು ಅರ್ಧ ದಾರಿ ಮಾತ್ರ ಬರುತ್ತದೆ. ಉಳಿದದ್ದಕ್ಕೆ ಆ ಊರಿನವರು ಏನನ್ನುತ್ತಾರೋ ಅದೇ ಸರಿ. ಊರಿನ ಹೆಸರಿನ ಜತೆಗೇ ಅದರ ಉಪಸರ್ಗವನ್ನೂ ಕಲಿಯಬೇಕು, ಹೆಂಡತಿಯ ಜತೆಗೆ ಅವಳ ತವರನ್ನೂ ಒಪ್ಪಿಕೊಂಡ ಹಾಗೆ.

ಇದೆಲ್ಲ ವಿಚಿತ್ರ ಎನಿಸುವುದು ನಮ್ಮದನ್ನು ನಾವು ಕೇಳಿಸಿಕೊಳ್ಳದೆ ಇರುವುದರಿಂದ. ಅವರು ಹಾದಿಯ ಮೇಲೆ ಇರುತ್ತಾರೆ, ನಾವು ಹಾದ್ಯಾಗ ಇರುತ್ತೇವೆ. ಮೂರು ತಾಸಿನಲ್ಲಿ ಕೆಲಸ ಮುಗಿಸಲು ಅವರಿಗೆ ‘ಪೋ’ ಬೇಕು, ನಮಗೆ ‘ಮೂರ ತಾಸಿನ್ಯಾಗ’. ಅವರು ಬಸ್ಸಿಗೆ ಕಾಯುವುದೂ ‘ಪೋ’ ಹಚ್ಚಿಯೇ. ನಾವು ಬಸ್ಸಿಗೆ ಕಾಯುವುದೇ ಇಲ್ಲ, ಬಸ್ಸಿನ ಹಾದಿ ಕಾಯುತ್ತೇವೆ. ಮೋಟಾರ್‌ಸೈಕಲ್ ಆದರೆ ‘ಗಾಡಿ ಮ್ಯಾಲ’ ಬಂದೆ ಎನ್ನುತ್ತೇವೆ, ಕಾರಾದರೆ ‘ಗಾಡ್ಯಾಗ’. ಬಿಸಿಲಿಗೆ, ಮಳೆಗೆ ಒಳಗು ಹೊರಗು ಎಲ್ಲಿಂದ ಬರಬೇಕು? ಆದರೂ ಬಿಸಲಾಗ ನಿಲ್ಲುತ್ತೇವೆ, ಮಳ್ಯಾಗ ತೊಯ್ಸಿಕೊಳ್ಳುತ್ತೇವೆ.

ಅಮರಗೋಳದ ಎಪಿಎಂಸಿ ಪ್ರಾಂಗಣದಲ್ಲಿ ಉಳ್ಳಾಗಡ್ಡಿ ಸವಾಲು ನಡೆಯುವ ಹೊತ್ತಿಗೆ ಹೋದರೆ ಕನ್ನಡ ಕಲಿಯುತ್ತಿರುವವರು ಸಾಲಾಗಿ ಸಿಗುತ್ತಾರೆ. ಲೆಕ್ಕ ಬರೆಯುವ ಉತ್ತರದ ಹುಡುಗರು, ಬೇರೆ ರಾಜ್ಯದ ಲಾರಿಯವರು, ವರ್ಗವಾಗಿ ಬಂದ ಬ್ಯಾಂಕಿನವರು. ಇವರಲ್ಲಿ ಪುಸ್ತಕ ಹಿಡಿದು ಕಲಿತವರನ್ನು ಒಂದೇ ವಾಕ್ಯದಲ್ಲಿ ಗುರುತಿಸಬಹುದು. ‘ಈ ಚೀಲದಲ್ಲಿ ಎಷ್ಟು ಕೆಜಿ ಇದೆ?’ ಎಂದು ಕೇಳುತ್ತಾರೆ. ವ್ಯಾಕರಣ ಒಪ್ಪವಾಗಿದೆ. ಹಮಾಲಿ ಅಣ್ಣ ಒಮ್ಮೆ ಮುಖ ನೋಡಿ, ಹಿಂದಿಯಲ್ಲಿ ಉತ್ತರ ಕೊಡುತ್ತಾನೆ. ‘ಯಣ್ಣಾ, ಚೀಲದಾಗ ಎಷ್ಟೈತಿ?’ ಎಂದು ಕೇಳಿದವನಿಗೆ ಮಾತ್ರ ‘ಐವತ್ತೈತ್ರಿ’ ಎಂಬ ಉತ್ತರ ಕನ್ನಡದಲ್ಲೇ ಬರುತ್ತದೆ. ಹಮಾಲಿಯದು ಸೊಕ್ಕಲ್ಲ. ‘ಅಲ್ಲಿ’ ಕೇಳಿದ ಕೂಡಲೇ ಅವನ ಕಿವಿ ಇವರು ಹೊರಗಿನವರು ಎಂದು ತೀರ್ಮಾನಿಸಿ, ಉಪಕಾರವೆಂದೇ ಭಾಷೆ ಬದಲಿಸುತ್ತದೆ. ಕಲಿಯಬೇಕೆಂದು ಬಂದವನಿಗೆ ಅದೇ ಅಪಕಾರ.

‘ಆಗ’ ಹಚ್ಚುವುದಕ್ಕೂ ಒಂದು ಮರ್ಮವಿದೆ. ಅಕಾರದಲ್ಲಿ ಮುಗಿದರೆ ನಡುವೆ ‘ದ’ ಬರುತ್ತದೆ: ಹೊಲದಾಗ, ಚೀಲದಾಗ, ಧಾರವಾಡದಾಗ. ಉಕಾರವಾದರೆ ಎಷ್ಟೋ ಪದಗಳಲ್ಲಿ ಅದು ಉದುರಿಹೋಗುತ್ತದೆ: ಊರಾಗ, ನೀರಾಗ, ಕಣ್ಣಾಗ. ರುಚಿ ಇರುವುದು ಮೂರನೆಯದರಲ್ಲಿ. ಬರವಣಿಗೆಯ ಮನೆ, ಶಾಲೆ, ಪೇಟೆ, ಸಂತೆಗಳು ಇಲ್ಲಿ ಮನಿ, ಸಾಲಿ, ಪ್ಯಾಟಿ, ಸಂತಿ. ಅವಕ್ಕೆ ‘ಆಗ’ ಸೇರಿದಾಗ ಮನ್ಯಾಗ, ಸಾಲ್ಯಾಗ, ಪ್ಯಾಟ್ಯಾಗ, ಸಂತ್ಯಾಗ. ಈ ‘ನ್ಯಾ’, ‘ಲ್ಯಾ’ಗಳನ್ನು ‘ಜ್ಞಾನ’ದ ಹಾಗೆ ಅಗಲವಾಗಿ ‘ಯಾ’ ಎಂದು ಬಿಡಿಸಿ ಹೇಳಿದರೆ ಕೆಟ್ಟಿತು. ಬ್ಯಾಂಕು, ಬ್ಯಾಟುಗಳಲ್ಲಿರುವ ಸ್ವರ ಅದು. ಕನ್ನಡ ಲಿಪಿಯಲ್ಲಿ ಅದಕ್ಕೆ ಸ್ವಂತದ ಅಕ್ಷರವಿಲ್ಲ, ಹಾಗಾಗಿ ‘ಯಾ’ವತ್ತಿನ ವೇಷ ಹಾಕಿಸಿದ್ದೇವೆ. ನಾರ್ವೇಯವರು ಇಂಥ ಕಡೆ ಉಂಗುರ ತೊಡಿಸಿ ಹೊಸ ಅಕ್ಷರವನ್ನೇ ಒಪ್ಪಿಕೊಂಡರು. ನಮ್ಮಲ್ಲಿ ಅಂಥ ಮಾತೆತ್ತಿದರೆ ಪತ್ರಿಕೆಗಳ ವಾಚಕರವಾಣಿ ತಿಂಗಳುಗಟ್ಟಲೆ ಉರಿಯುತ್ತದೆ.

ಅಮರಗೋಳದ ಸಾಲಿಯ ಮಕ್ಕಳು ರಾಗವಾಗಿ ಹೇಳುವುದು ‘ಸಪ್ತಮೀ – ಅಲ್ಲಿ’ ಎಂದು. ಗಂಟೆ ಹೊಡೆದ ಮೇಲೆ ಅವೇ ಮಕ್ಕಳು ‘ಪಾಟೀಚೀಲ ಸಾಲ್ಯಾಗ ಉಳೀತು’ ಎಂದು ಓಡುತ್ತವೆ. 13ನೆಯ ಶತಮಾನದ ಕೇಶಿರಾಜ ಸಪ್ತಮಿಗೆ ಹೇಳಿದ ಪ್ರತ್ಯಯ ‘ಒಳ್’. ಅವನು ತನ್ನ ಕಾಲದ ಕಾವ್ಯಕ್ಕೆ ವ್ಯಾಕರಣ ಬರೆದ, ಅದರಲ್ಲಿ ಆಕ್ಷೇಪವಿಲ್ಲ. ಅವನ ಶಬ್ದಮಣಿದರ್ಪಣವನ್ನು 1872ರಲ್ಲಿ ಸಂಪಾದಿಸಿ ಅಚ್ಚುಹಾಕಿಸಿದ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಭಾರತಕ್ಕೆ ಬಂದವರು. ಹುಬ್ಬಳ್ಳಿ ಧಾರವಾಡಗಳ ಬಾಸೆಲ್ ಮಿಶನ್‌ನಲ್ಲಿ ಇದ್ದು ಈ ಸೀಮೆಯ ಮಾತನ್ನು ಕಿವಿಯಾರೆ ಕೇಳಿದವರು. ಅವರ ನಿಘಂಟು 1894ರಲ್ಲಿ, ವ್ಯಾಕರಣ 1903ರಲ್ಲಿ ಬಂತು. ವ್ಯಾಕರಣದ ಹೆಸರಿನಲ್ಲೇ ಕನ್ನಡದ ಮೂರು ಪ್ರಭೇದಗಳನ್ನು ಒಳಗೊಂಡದ್ದು ಎಂದಿದೆ. ಯಾವ ಮೂರು? ಹಳೆಯದು, ನಡುವಣದು, ಈಗಿನದು. ಕಾಲದಿಂದ ಕಾಲಕ್ಕೆ ಬದಲಾದದ್ದು ಮುಖಪುಟ ಏರಿತು. ಊರಿಂದ ಊರಿಗೆ ಬದಲಾಗುವುದಕ್ಕೆ ಆ ಮರ್ಯಾದೆ ಸಿಗಲಿಲ್ಲ.

ಕನ್ನಡದ ವಿಭಕ್ತಿಗಳ ಮೇಲೆ ತಲೆ ಕೆಡಿಸಿಕೊಂಡ ಒಬ್ಬ ನಾರ್ವೇಯವರೂ ಇದ್ದಾರೆ. ಸ್ಟೆನ್ ಕೊನೊ, 1867ರಿಂದ 1948ರವರೆಗೆ ಬದುಕಿದ್ದ ಪಂಡಿತ. ಗ್ರಿಯರ್ಸನ್ನರ ಭಾರತೀಯ ಭಾಷಾ ಸರ್ವೇಕ್ಷಣೆಯ ನಾಲ್ಕನೆಯ ಸಂಪುಟ, ಮುಂಡಾ ಮತ್ತು ದ್ರಾವಿಡ ಭಾಷೆಗಳದು, 1906ರಲ್ಲಿ ಹೊರಬಂತು. ಅದನ್ನು ಸಿದ್ಧಪಡಿಸಿದವರು ಇವರು. ದಾರಿ ತಪ್ಪಿ ಮನೆಗೆ ಮರಳಿದ ಮಗನ ಬೈಬಲ್ ಕಥೆಯನ್ನು ಜಿಲ್ಲೆಗಳಿಂದ ಅಲ್ಲಲ್ಲಿಯ ಮಾತಿನಲ್ಲಿ ಬರೆಸಿ ತರಿಸುವುದು ಸರ್ವೇಕ್ಷಣೆಯ ಪದ್ಧತಿ. ಕಥೆ ಚೆನ್ನಾಗಿ ಆಯ್ದದ್ದು: ಮಗ ಹೊಲದಾಗ ಇದ್ದಾನೋ ಹೊಲದಲ್ಲಿ ಇದ್ದಾನೋ ಎಂಬುದು ತಾನಾಗಿ ಹೊರಬೀಳುತ್ತದೆ. ಆದರೆ ಕಾಗದದಲ್ಲಿ ಬಂದದ್ದಕ್ಕೆ ಒಂದು ಮಿತಿ ಇದ್ದೇ ಇದೆ. ಬರೆದುಕೊಟ್ಟವರು ಓದುಬರಹ ಬಲ್ಲವರು, ಪೆನ್ನು ಹಿಡಿದೊಡನೆ ಮೈಮೇಲೆ ಸಪ್ತಮೀ ‘ಅಲ್ಲಿ’ ಬರುವವರು.

ಕಿವಿಯಿಂದ ಕೇಳಿ ದಾಖಲಿಸುವ ಕೆಲಸ ಜೋರಾದದ್ದು 1950ರ ದಶಕದಿಂದ. ವಿಲಿಯಂ ಬ್ರೈಟ್ 1958ರಲ್ಲಿ ಆಡುಗನ್ನಡದ ರೂಪರೇಖೆ ಬರೆದರು. ವಿಲಿಯಂ ಮೆಕಾರ್ಮಕ್ 1960ರಲ್ಲಿ ಧಾರವಾಡ ಕನ್ನಡದ ಸಾಮಾಜಿಕ ಭೇದಗಳ ಬಗ್ಗೆ ಬರೆದರು. ಇಂಥ ಕೆಲಸದ ಫಲವನ್ನು ಪೀಟರ್ ಟ್ರಡ್‌ಗಿಲ್ 1974ರ ತಮ್ಮ ಸಮಾಜಭಾಷಾಶಾಸ್ತ್ರದ ಪರಿಚಯ ಪುಸ್ತಕದಲ್ಲಿ ಒಂದು ಸಣ್ಣ ಕೋಷ್ಟಕ ಮಾಡಿ ಹಾಕಿದರು. ಹೀಗಾಗಿ ನಮ್ಮ ‘ಆಗ’ ಜಗತ್ತಿನ ಎಷ್ಟೋ ತರಗತಿಗಳನ್ನು ನೋಡಿಬಂದಿದೆ. ಕೋಷ್ಟಕ ಹೇಳುವುದು ಇಷ್ಟು: ಬೆಂಗಳೂರಿನ ಬ್ರಾಹ್ಮಣರಲ್ಲಿ ‘ಅಲ್ಲಿ’, ಧಾರವಾಡದ ಬ್ರಾಹ್ಮಣರಲ್ಲಿ ‘ಒಳಗ’, ಬ್ರಾಹ್ಮಣೇತರರಲ್ಲಿ ಎರಡೂ ಕಡೆ ‘ಆಗ’. ಇಂದು ಅಮರಗೋಳದಲ್ಲಿ ‘ಒಳಗ’ ಮತ್ತು ‘ಆಗ’ ಒಂದೇ ಬಾಯಲ್ಲಿ ಕೂಡಿಬರುವುದನ್ನು ಕೇಳುತ್ತೇನೆ, ಆ ಗೆರೆ ಅಷ್ಟು ಗಟ್ಟಿಯಾಗಿ ಉಳಿದಿಲ್ಲ. ಆದರೆ ಕೋಷ್ಟಕದಲ್ಲಿ ಯಾರೂ ಎತ್ತಿ ಆಡದ ಇನ್ನೊಂದು ಮಾತಿದೆ. ಮೂರು ರೂಪಗಳಲ್ಲಿ ನಾನೂರು ಕಿಲೋಮೀಟರ್ ಅಂತರದ ಎರಡೂ ಊರುಗಳಲ್ಲಿ ಚಲಾವಣೆ ಇದ್ದದ್ದು ‘ಆಗ’ ಒಂದಕ್ಕೇ. ಅತಿ ಹೆಚ್ಚು ಬಾಯಿಗಳಲ್ಲಿರುವ ಪ್ರತ್ಯಯವೇ ಕಲಿಸುವ ಪುಸ್ತಕದಲ್ಲಿ ಇಲ್ಲ. ಸಂಸ್ಕೃತದ ಅಚ್ಚಿನಲ್ಲಿ ಎರಕ ಹೊಯ್ದ ವಿಭಕ್ತಿಗಳನ್ನು ಡಿ.ಎನ್. ಶಂಕರಭಟ್ಟರು 2000ದ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ದಲ್ಲಿ ಪ್ರಶ್ನಿಸಿದ್ದರು. ಯಾರೂ ಆಡದ ಪಂಚಮಿಯ ‘ದೆಸೆಯಿಂದ’ ಇನ್ನೂ ಮಕ್ಕಳ ಬಾಯಿಪಾಠದಲ್ಲಿದೆ, ಎಲ್ಲರೂ ಆಡುವ ‘ಆಗ’ ಹೊರಗೆ ಕಟ್ಟೆಯ ಮೇಲೆ ಕುಳಿತಿದೆ.

ನಾರ್ವೇಯ ಸಂಸತ್ತು 1878ರಲ್ಲೇ, ಶಾಲೆಯಲ್ಲಿ ಆದಷ್ಟು ಮಟ್ಟಿಗೆ ಮಕ್ಕಳ ಸ್ವಂತ ಆಡುಮಾತಿನಲ್ಲಿ ಪಾಠ ನಡೆಯಬೇಕೆಂದು ಗೊತ್ತುಮಾಡಿತು. 1885ರಲ್ಲಿ ಎರಡು ಬರಹದ ರೂಪಗಳಿಗೆ ಸಮಾನ ಸ್ಥಾನ ಕೊಟ್ಟಿತು. ಅಲ್ಲಿ ಮಂತ್ರಿಯೂ ಊರಿನ ಮಾತಿನಲ್ಲೇ ಭಾಷಣ ಮಾಡಿದರೆ ಯಾರೂ ನಗುವುದಿಲ್ಲ. ಹೊರಗಿನಿಂದ ಹೋದವರಿಗೆ ಇದರಿಂದ ಕಲಿಕೆ ಹಗುರವೇನೂ ಆಗುವುದಿಲ್ಲ, ತರಗತಿಯಲ್ಲಿ ಕಲಿತದ್ದು ಕಣಿವೆ ದಾಟಿದರೆ ಬೇರೆಯಾಗಿರುತ್ತದೆ. ಆದರೂ ಬೇರೆಯದು ಇದೆ ಎಂದು ಮೇಷ್ಟ್ರು ಮೊದಲೇ ಹೇಳಿರುತ್ತಾರೆ. ನಮ್ಮಲ್ಲಿ ಅದನ್ನು ಹೇಳುವುದಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಹೊಸಬರಿಗೆ ಕನ್ನಡ ಕಲಿಸುವವರು ‘ಅಲ್ಲಿ’ಯನ್ನು ಓದಲಿಕ್ಕೂ ‘ಆಗ’ವನ್ನು ಬದುಕಲಿಕ್ಕೂ ಒಂದೇ ದಿನ ಕಲಿಸಲಿ ಎಂಬುದು ನನ್ನ ಹಟ.

ಅಲ್ಲಿಯತನಕ ಬಿಟ್ಟಿ ಶಾಲೆಯೊಂದಿದೆ. 2018ರಿಂದ ಓಡುತ್ತಿರುವ ಚಿಗರಿ ಬಸ್ಸನ್ನು ಮುಂಜಾನೆ ನವನಗರದಲ್ಲಿ ಹತ್ತಿ ಹುಬ್ಬಳ್ಳಿ ಕಡೆ ಹೊರಡಿ. ಮೊಬೈಲು ಬಂದ ಮೇಲೆ ಕರ್ನಾಟಕದ ಮೊದಲ ಪ್ರಶ್ನೆ ‘ಆರಾಮ?’ ಅಲ್ಲ, ‘ಎಲ್ಲಿ ಅದಿ?’ ಅದಕ್ಕೆ ಉತ್ತರ ಸಪ್ತಮಿಯಲ್ಲಲ್ಲದೆ ಬೇರೆ ವಿಭಕ್ತಿಯಲ್ಲಿ ಕೊಡಲು ಬರುವುದಿಲ್ಲ. ‘ಬಸ್ಸಿನ್ಯಾಗ ಅದೀನಿ’, ‘ಹಾದ್ಯಾಗ ಅದೀನಿ’, ‘ಆಫೀಸಿನ್ಯಾಗ ಅದೀನ್ರಿ ಸರ್’. ಒಂದು ಪ್ರಯಾಣಕ್ಕೆ ಐದಾರು ಉದಾಹರಣೆ ಖಚಿತ, ಅದೂ ಗಟ್ಟಿ ದನಿಯಲ್ಲಿ. ಬಸ್ಸಿನ್ನೂ ಭೈರಿದೇವರಕೊಪ್ಪ ದಾಟಿರುವುದಿಲ್ಲ, ಉಣಕಲ್ಲ ಕೆರೆ ಕಂಡಿರುವುದಿಲ್ಲ, ಪಕ್ಕದ ಸೀಟಿನವರು ‘ಇಲ್ಲೇ ಹುಬ್ಬಳ್ಯಾಗ ಅದೀನಿ, ಐದ ಮಿನಿಟಿನ್ಯಾಗ ಬಂದೆ’ ಎಂದುಬಿಟ್ಟಿರುತ್ತಾರೆ. ಎರಡೂ ಕಡೆ ಪ್ರತ್ಯಯ ಶುದ್ಧ. ಮಾತಷ್ಟ ಸುಳ್ಳು.